ಅಂಟಿಸಿದ ನಂಬರ್ ಪ್ಲೇಟ್: ಬಂಪರ್‌ಗೆ ಗೀರು ಬೀಳದಂತೆ ತೆಗೆಯುವುದು, ಬೀಳದಂತೆ ಮತ್ತೆ ಅಂಟಿಸುವುದು

ಅಂಟಿಸಿದ ನಂಬರ್ ಪ್ಲೇಟನ್ನು ಹಿಡಿದು ಎಳೆದರೆ ಬರುವುದಿಲ್ಲ. ಇನ್ನಷ್ಟು ಜೋರು ಹಾಕಿದರೆ ಬರುತ್ತದೆ, ಆದರೆ ಎರಡು ತುಂಡಾಗಿ, ಇಲ್ಲವೇ ಬಂಪರ್‌ನ ಬಣ್ಣವನ್ನೂ ಕಿತ್ತುಕೊಂಡು. ಕಾರಿನ ಕೆಲಸಗಳ ಬಗ್ಗೆ ಬರೆಯಲು ಶುರು ಮಾಡಿದಾಗಿನಿಂದ ಎರಡು ಪ್ರಶ್ನೆಗಳು ಬಿಟ್ಟೂ ಬಿಡದೆ ಬರುತ್ತಿವೆ. ಒಂದು, ಹಳೆಯ ಪ್ಲೇಟ್ ತೆಗೆಯುವುದು ಹೇಗೆ. ಇನ್ನೊಂದು, ಹೊಸದು ಅಂಟಿಸಿದ ವಾರಕ್ಕೇ ಯಾಕೆ ಬಿದ್ದುಹೋಯಿತು. ಎರಡಕ್ಕೂ ಉತ್ತರ ಆ ಅಂಟಿನ ಸ್ವಭಾವದಲ್ಲೇ ಇರುವುದರಿಂದ ಒಟ್ಟಿಗೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕೆಲವು ದೇಶಗಳಲ್ಲಿ ಪ್ಲೇಟನ್ನು ರಿವೆಟ್ ಅಥವಾ ಸ್ನ್ಯಾಪ್ ಲಾಕ್‌ನಿಂದಲೇ ಕೂರಿಸಬೇಕೆಂಬ ನಿಯಮವಿದೆ. ಸ್ನ್ಯಾಪ್ ಲಾಕ್ ಎಂದರೆ ಒಮ್ಮೆ ಒತ್ತಿ ಕೂರಿಸಿದರೆ ಮುರಿಯದೆ ಬಿಚ್ಚಲಾಗದ ಬೀಗ. ನಿಮ್ಮ ಕಾರಿನಲ್ಲಿ ಅಂಥದ್ದು ಇದ್ದರೆ ಅದನ್ನು ಕೀಳಲು ಹೋಗಬೇಡಿ, ಅಂಥ ಪ್ಲೇಟ್ ಬದಲಿಸುವುದು ಅಧಿಕೃತವಾಗಿ ಅದನ್ನು ಕೊಡುವವರ ಕೆಲಸ. ಈ ಲೇಖನ ಅಂಟಿನಿಂದ ನಿಂತಿರುವ ಪ್ಲೇಟ್‌ಗೆ ಮಾತ್ರ.

ಅಂಟು ಹಿಡಿದುಕೊಂಡಿರುವುದು ಹೇಗೆ

ಪ್ಲೇಟ್ ಅಂಟಿಸಲು ಸಾಮಾನ್ಯವಾಗಿ ಬಳಸುವುದು ಫೋಮ್ ಟೇಪ್, ಅಂದರೆ ಎರಡೂ ಬದಿಗೆ ಅಂಟಿರುವ, ಸ್ವಲ್ಪ ದಪ್ಪನೆಯ ಮೆತ್ತನೆ ಪಟ್ಟಿ. ಇದರಲ್ಲಿ ಎರಡು ಜಾತಿ. ಅಗ್ಗದ್ದರಲ್ಲಿ ನಡುವೆ ಸ್ಪಂಜಿನಂಥ ಪದರ ಇದ್ದು ಅಂಟು ಮೇಲೆ ಕೆಳಗೆ ಮಾತ್ರ ಸವರಿರುತ್ತದೆ. ಎಳೆದಾಗ ಆ ಸ್ಪಂಜು ನಡುವೆ ಹರಿದು ಅರ್ಧ ಪ್ಲೇಟ್‌ಗೆ, ಅರ್ಧ ಬಂಪರ್‌ಗೆ ಉಳಿಯುತ್ತದೆ. ಒಳ್ಳೆಯದು ಅಕ್ರಿಲಿಕ್ ಫೋಮ್. ಇದರ ದಪ್ಪವೆಲ್ಲ ಅಂಟೇ. 3ಎಂ ಕಂಪನಿಯ ವಿಎಚ್‌ಬಿ ಟೇಪ್ ಈ ಜಾತಿಯದು, 1980ರಿಂದ ಬಳಕೆಯಲ್ಲಿದೆ.

ಈ ಅಂಟಿಗೆ ಒಂದು ಗುಣವಿದೆ. ತಟಕ್ಕನೆ ಎಳೆದರೆ ಗಟ್ಟಿಯಾಗಿ ನಿಲ್ಲುತ್ತದೆ. ನಿಧಾನವಾಗಿ, ಒಂದೇ ಸಮನೆ ಎಳೆದರೆ ಎಳೆಎಳೆಯಾಗಿ ಹಿಗ್ಗಿ ಸಡಿಲಬಿಡುತ್ತದೆ. ಬಿಸಿಯಾದರೆ ಮೆತ್ತಗಾಗುತ್ತದೆ, ಚಳಿಯಲ್ಲಿ ಬಿಗಿಯುತ್ತದೆ. ಹಾಗಾಗಿ ಜೋರು ಹಾಕಿದಷ್ಟೂ ಅದು ನಿಮಗೆ ಎದುರು ನಿಲ್ಲುತ್ತದೆ. ಇನ್ನೂ ಮುಖ್ಯವಾದದ್ದು, ಇಡೀ ಪ್ಲೇಟನ್ನು ಎಳೆದಾಗ ಟೇಪಿನ ಪೂರ್ತಿ ಅಗಲ ಒಟ್ಟಿಗೆ ತಡೆಯುತ್ತದೆ. ಅದೇ ಒಂದು ದಾರದಿಂದ ಕೊಯ್ದರೆ ದಾರ ಮುಟ್ಟಿದ ಒಂದು ಸಣ್ಣ ಗೆರೆಯಷ್ಟು ಅಂಟು ಮಾತ್ರ ತಡೆಯುತ್ತದೆ. ತೆಗೆಯುವ ಕೆಲಸವೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ: ಬಿಸಿ ಮಾಡಿ, ಕೊಯ್ಯಿರಿ, ಎಳೆಯಬೇಡಿ.

ಏನೇನು ಬೇಕು

ಹೇರ್ ಡ್ರೈಯರ್. ಮೀನಿನ ಗಾಳಕ್ಕೆ ಕಟ್ಟುವ ಹೆಣೆದ ದಾರ, 60–70 ಸೆಂ.ಮೀ. ಒಂಟಿ ಎಳೆಯ ನೈಲಾನ್ ದಾರಕ್ಕಿಂತ ಹೆಣೆದದ್ದು ಚೆನ್ನಾಗಿ ಕೊಯ್ಯುತ್ತದೆ, ಬೇಗ ಹರಿಯುವುದೂ ಇಲ್ಲ. ಅದು ಸಿಗದಿದ್ದರೆ ಹಲ್ಲಿನ ಸಂದು ಶುಚಿ ಮಾಡುವ ಫ್ಲಾಸ್ ದಾರವನ್ನು ಎರಡೆಳೆ ಹೊಸೆದು ಬಳಸಬಹುದು. ದಾರದ ತುದಿ ಸುತ್ತಿಕೊಳ್ಳಲು ಎರಡು ಗಿಡ್ಡ ಕಡ್ಡಿ. ಮಾಸ್ಕಿಂಗ್ ಟೇಪ್, ಎಂದರೆ ಪೇಂಟರ್‌ಗಳು ಅಂಚಿಗೆ ಹಚ್ಚುವ, ಅಂಟಿನ ಕಲೆ ಬಿಡದೆ ಬಿಟ್ಟುಬರುವ ಕಾಗದದ ಟೇಪ್. ಹಳೆಯ ಪ್ಲಾಸ್ಟಿಕ್ ಕಾರ್ಡ್ ಒಂದೆರಡು. ನಾಲ್ಕೈದು ಮೈಕ್ರೋಫೈಬರ್ ಬಟ್ಟೆ. ಟಾರ್ಚ್, ಅಳತೆ ಟೇಪ್, ಕೈಗವಸು.

ದ್ರಾವಣ ಎರಡು ಬೇಕು. ಅಂಟಿನ ಶೇಷ ಕರಗಿಸಲು ಕಾರಿನ ಬಣ್ಣಕ್ಕೆ ಸುರಕ್ಷಿತ ಎಂದು ಬಾಟಲಿಯ ಮೇಲೇ ಬರೆದಿರುವ ಅಂಟು ಕ್ಲೀನರ್. ಕೊನೆಯ ಶುಚಿಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಇದು ಎಣ್ಣೆ ಜಿಡ್ಡು ತೆಗೆದು ತಾನು ಆರಿಹೋಗುವ ದ್ರವ. ಸಮಪಾಲು ಶುದ್ಧ ನೀರು ಬೆರೆಸಿಕೊಂಡರೆ ಈ ಕೆಲಸಕ್ಕೆ ಸಾಕು.

ಸ್ಕ್ರೂ ಡ್ರೈವರ್, ಚಾಕು, ಬ್ಲೇಡ್, ಲೋಹದ ತಂತಿ, ಇವನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಲೇಬೇಡಿ. ಬೇಸರ ಬಂದಾಗ ಕೈ ತಾನಾಗಿ ಅತ್ತ ಹೋಗುತ್ತದೆ. ಮೊದಲ ಸಲ ನಾನು ಅಗಲ ಬಾಯಿಯ ಸ್ಕ್ರೂ ಡ್ರೈವರ್‌ಗೆ ಬಟ್ಟೆ ಸುತ್ತಿ ಮೀಟಿದ್ದೆ. ಬಟ್ಟೆ ತೂತಾಯಿತು, ಬಂಪರ್‌ನಲ್ಲಿ ಬೆರಳುಗುರಿನಷ್ಟು ಬಣ್ಣ ಹಾರಿತು.

ಹಂತ 1: ಮುಟ್ಟುವ ಮೊದಲು ನೋಡಿ

ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಪ್ಲೇಟ್ ಮತ್ತು ಸುತ್ತಲಿನ ಜಾಗವನ್ನು ಸೋಪು ನೀರಿನಿಂದ ತೊಳೆದು ಒರೆಸಿ. ಇದು ಚೆಂದಕ್ಕಲ್ಲ. ಪ್ಲೇಟಿನ ಸಂದಿನಲ್ಲಿ ಕೂತ ಮರಳಿನ ಕಣ ದಾರದ ಜೊತೆ ಓಡಾಡಿದರೆ ಬಣ್ಣದ ಮೇಲೆ ಉಪ್ಪುಕಾಗದ ಉಜ್ಜಿದ ಹಾಗೆ.

ಈಗ ಟಾರ್ಚ್ ಹಿಡಿದು ಪ್ಲೇಟಿನ ಮೇಲೆ, ಕೆಳಗೆ, ಪಕ್ಕದಲ್ಲಿ ಸಂದಿನೊಳಗೆ ನೋಡಿ. ಟೇಪ್ ಎಲ್ಲೆಲ್ಲಿದೆ, ಎಷ್ಟು ದಪ್ಪ ಎಂಬುದು ತಿಳಿಯಬೇಕು. ಪ್ಲೇಟಿನ ಮುಖದಲ್ಲಿ ಅಕ್ಷರದ ಬಣ್ಣಕ್ಕೋ ಹಿನ್ನೆಲೆಯ ಬಣ್ಣಕ್ಕೋ ಹೊಂದುವ ಗುಂಡನೆಯ ಮುಚ್ಚಳ ಕಂಡರೆ ಅದರಡಿ ಸ್ಕ್ರೂ ಇರುತ್ತದೆ. ಅಂಟು ಮತ್ತು ಸ್ಕ್ರೂ ಎರಡೂ ಹಾಕಿರುವ ಪ್ಲೇಟ್‌ಗಳು ಕಡಿಮೆಯೇನಿಲ್ಲ. ಸ್ಕ್ರೂ ಬಿಚ್ಚದೆ ದಾರ ಎಳೆದರೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ.

ಪಾರ್ಕಿಂಗ್ ಸೆನ್ಸರ್, ಕ್ಯಾಮೆರಾ, ಪ್ಲೇಟಿನ ದೀಪ ಎಲ್ಲಿವೆ ಎಂದು ಗುರುತು ಮಾಡಿಕೊಳ್ಳಿ. ಕೆಲವು ಕಾರುಗಳಲ್ಲಿ ಮುಂದಿನ ವಾಹನದ ದೂರ ಅಳೆಯುವ ರೇಡಾರ್ ಪ್ಲೇಟಿನ ಹತ್ತಿರವೇ ಇರುತ್ತದೆ. ಅದರ ಮುಚ್ಚಳವನ್ನು ಮೀಟುವುದು, ಒತ್ತುವುದು, ಅದರ ಮೇಲೆ ಬಿಸಿಗಾಳಿ ಹಾಯಿಸುವುದು ಬೇಡ.

ಬಂಪರ್‌ಗೆ ಹಿಂದೆ ಎಂದಾದರೂ ಮತ್ತೆ ಬಣ್ಣ ಹೊಡೆಸಲಾಗಿದೆಯೇ? ಹಳೆಯ ಕಾರು ಕೊಂಡವರಿಗೆ ಇದು ಗೊತ್ತಿರುವುದಿಲ್ಲ. ಬಣ್ಣದ ಛಾಯೆ ಪಕ್ಕದ ಫೆಂಡರ್‌ಗೆ, ಅಂದರೆ ಚಕ್ರದ ಮೇಲಿನ ತಗಡಿಗೆ ಹೊಂದದಿದ್ದರೆ, ಅಂಚಿನಲ್ಲಿ ಬಣ್ಣ ಪೊರೆಯಂತೆ ಎದ್ದಿದ್ದರೆ ಅನುಮಾನಪಡಿ. ಪ್ಲಾಸ್ಟಿಕ್ ಬಂಪರ್ ಮೇಲೆ ಸರಿಯಾದ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಪದರ, ಇಲ್ಲದೆ ಹೊಡೆದ ಬಣ್ಣದ ಹಿಡಿತ ಟೇಪಿನ ಹಿಡಿತಕ್ಕಿಂತ ಕಡಿಮೆ. ಅಂಥ ಕಡೆ ಒಂದು ಎಳೆತಕ್ಕೆ ಬಣ್ಣ ಹಾಳೆಯಂತೆ ಸುಲಿದು ಬರುತ್ತದೆ. ಹಾಗಿದ್ದರೆ ಮುಂದಿನ ಹಂತಗಳಲ್ಲಿ ಹೇಳಿದ ಸಮಯಕ್ಕೆ ಇನ್ನೊಂದು ಅಷ್ಟು ಸೇರಿಸಿಕೊಳ್ಳಿ.

ಹಂತ 2: ಸುತ್ತ ಮಾಸ್ಕಿಂಗ್ ಟೇಪ್

ಪ್ಲೇಟಿನ ನಾಲ್ಕೂ ಅಂಚಿನ ಹೊರಗೆ ಬಂಪರ್ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಹಚ್ಚಿ. ದಾರ ಉಜ್ಜುವುದು ಇಲ್ಲಿಯೇ. ಹಚ್ಚುವಾಗಲೇ ಪ್ಲೇಟಿನ ಮೇಲಂಚು ಮತ್ತು ಎರಡು ಪಕ್ಕಗಳ ಗೆರೆಯನ್ನು ಪೆನ್ಸಿಲಿನಲ್ಲಿ ಆ ಟೇಪಿನ ಮೇಲೆ ಎಳೆದಿಟ್ಟುಕೊಳ್ಳಿ, ಹೊಸ ಪ್ಲೇಟ್ ಕೂರಿಸುವಾಗ ಅಳತೆಯ ಅರ್ಧ ಕೆಲಸ ಮುಗಿದಿರುತ್ತದೆ. ಹೊಸದರ ಅಳತೆ ಬೇರೆಯಾಗಿದ್ದರೂ ನಡುವಿನ ಗುರುತು ಉಪಯೋಗಕ್ಕೆ ಬರುತ್ತದೆ.

ಹಂತ 3: ಬಿಸಿ ಮಾಡುವುದು

ಹೇರ್ ಡ್ರೈಯರನ್ನು ಪ್ಲೇಟಿನಿಂದ 10–15 ಸೆಂ.ಮೀ. ದೂರ ಹಿಡಿದು, ಒಂದು ತುದಿಯ ಕಾಲು ಭಾಗದ ಮೇಲೆ ನಿಲ್ಲಿಸದೆ ಆಡಿಸುತ್ತಿರಿ. ಅಲ್ಯೂಮಿನಿಯಂ ಪ್ಲೇಟ್ ಆದರೆ ಎರಡು ನಿಮಿಷಕ್ಕೆ ಶಾಖ ಹಿಂದಿನ ಟೇಪಿಗೆ ತಲುಪುತ್ತದೆ. ಅಕ್ರಿಲಿಕ್, ಅಂದರೆ ಗಾಜಿನಂತೆ ಕಾಣುವ ಗಡಸು ಪ್ಲಾಸ್ಟಿಕ್ ಆದರೆ ಹಾಗಲ್ಲ. ಮುಖ ಬಿಸಿಯಾದರೂ ಬೆನ್ನು ತಣ್ಣಗೇ ಇರುತ್ತದೆ, ಏಕೆಂದರೆ ಅದರಲ್ಲಿ ಶಾಖ ಹರಿಯುವುದು ತೀರ ನಿಧಾನ. ಎರಡು ನಿಮಿಷ ಬಿಸಿ, ಒಂದು ನಿಮಿಷ ಬಿಡುವು, ಮತ್ತೆ ಎರಡು ನಿಮಿಷ, ಹೀಗೆ ಮೂರು ಸಲ ಮಾಡಿ. ಸಾಧ್ಯವಾದಷ್ಟು ಗಾಳಿ ಪಕ್ಕದಿಂದ ಸಂದಿನೊಳಗೇ ಹೋಗುವಂತೆ ಓರೆಯಾಗಿ ಹಿಡಿಯಿರಿ.

ಬಿಸಿ ಎಷ್ಟಾಗಬೇಕು? ಅಂಗೈಯ ಹಿಂಬದಿಯನ್ನು ಪ್ಲೇಟಿಗೆ ತಾಗಿಸಿ. ಚುರುಕ್ ಎನ್ನಬೇಕು, ಆದರೆ ಎರಡು ಮೂರು ಸೆಕೆಂಡ್ ಇಡಲು ಆಗಬೇಕು. ಅದಕ್ಕಿಂತ ಹೆಚ್ಚು ಬೇಡ. ಅಕ್ರಿಲಿಕ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗಿ ಬಾಗಲು ಶುರುವಾಗುತ್ತದೆ. ಅದಕ್ಕೂ ಮುಂಚೆಯೇ ಪ್ಲೇಟಿನೊಳಗಿನ ಹೊಳೆಯುವ ಹಾಳೆ ಗುಳ್ಳೆ ಏಳಬಹುದು.

ಬಣ್ಣ ಸುಲಿಯಲು ಬಳಸುವ ಹೀಟ್ ಗನ್ ಬಗ್ಗೆ ಕೇಳುವವರು ಬಹಳ. ಅದರ ಬಾಯಲ್ಲಿ ಬರುವ ಗಾಳಿ 500 ಡಿಗ್ರಿ ದಾಟಬಲ್ಲದು. ಬಂಪರ್ ಪ್ಲಾಸ್ಟಿಕ್ ಅದಕ್ಕೆ ಕೆಲವೇ ಸೆಕೆಂಡಿನಲ್ಲಿ ಸೊಟ್ಟಗಾಗುತ್ತದೆ, ಒಮ್ಮೆ ಸೊಟ್ಟಗಾದದ್ದು ಮತ್ತೆ ನೆಟ್ಟಗಾಗದು. ಈ ಕೆಲಸಕ್ಕೆ ಅದು ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ವಿದ್ಯುತ್ ಸಂಪರ್ಕ ಹತ್ತಿರ ಇಲ್ಲದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆಯನ್ನು ಪ್ಲೇಟ್ ಮೇಲೆ ಮತ್ತೆ ಮತ್ತೆ ಇಟ್ಟರೂ ಆಗುತ್ತದೆ, ಸಮಯ ಹಿಡಿಯುತ್ತದೆ ಅಷ್ಟೆ. ಕೊರೆಯುವ ಚಳಿಯಲ್ಲಿ ತಣ್ಣಗಾದ ಪ್ಲೇಟ್ ಮೇಲೆ ಕುದಿಯುವ ನೀರು ಸುರಿಯಬೇಡಿ, ಅಕ್ರಿಲಿಕ್ ಸೀಳುತ್ತದೆ.

ಹಂತ 4: ದಾರದಿಂದ ಕೊಯ್ಯುವುದು

ದಾರದ ಎರಡು ತುದಿಯನ್ನು ಕಡ್ಡಿಗಳಿಗೆ ಸುತ್ತಿಕೊಳ್ಳಿ. ಬರಿ ಬೆರಳಿಗೆ ಸುತ್ತಿಕೊಂಡರೆ ಟೇಪಿಗಿಂತ ಮೊದಲು ಬೆರಳು ಕೊಯ್ಯುತ್ತದೆ.

ದಾರವನ್ನು ಎಲ್ಲಿಂದ ಹೊಗಿಸಬೇಕು ಎಂಬುದರಲ್ಲೇ ಬಹಳ ಜನ ತಪ್ಪುತ್ತಾರೆ. ಮೇಲಿನ ಉದ್ದದ ಅಂಚಿನಿಂದ ಕೆಳಕ್ಕೆ ಎಳೆಯಲು ಹೋದರೆ ಅರ್ಧ ಮೀಟರ್ ಉದ್ದದ ಟೇಪನ್ನು ಒಂದೇ ಸಲ ಕೊಯ್ಯಬೇಕಾಗುತ್ತದೆ, ದಾರ ಅಲ್ಲಾಡುವುದೇ ಇಲ್ಲ. ಗಿಡ್ಡ ಅಂಚಿನಿಂದ, ಅಂದರೆ ಪಕ್ಕದಿಂದ ಶುರು ಮಾಡಿ. ಒಂದು ಕೈ ಪ್ಲೇಟಿನ ಮೇಲೆ, ಇನ್ನೊಂದು ಕೆಳಗೆ, ದಾರ ನೆಟ್ಟಗೆ ನಿಂತಿರಬೇಕು. ಈಗ ದಾರದ ಎದುರಿಗಿರುವುದು ಒಂದು ಗೇಣಿಗೂ ಕಡಿಮೆ ಅಗಲ. ಗರಗಸದಂತೆ ಮೇಲೆ ಕೆಳಗೆ ಎಳೆಯುತ್ತ ಇನ್ನೊಂದು ಪಕ್ಕದತ್ತ ಸಾಗಿ. ಪ್ಲೇಟ್ ತಗ್ಗಿನೊಳಗೆ ಕೂತಿದ್ದು ಕೆಳಗೆ ಕೈ ಹೋಗದಿದ್ದರೆ ಮೇಲಿನ ಮೂಲೆಯಿಂದ ಓರೆಯಾಗಿ ಹೊಗಿಸಿ.

ಈಗ ಕೈಗಳ ಭಂಗಿ. ಎರಡೂ ಕೈಯನ್ನು ಕಾರಿನಿಂದ ಒಂದಿಷ್ಟು ಹೊರಕ್ಕೆ, ನಿಮ್ಮ ಕಡೆಗೆ ಎಳೆದು ಹಿಡಿಯಿರಿ. ಹಾಗೆ ಹಿಡಿದಾಗ ದಾರ ಪ್ಲೇಟಿನ ಬೆನ್ನಿಗೆ ಒರಗಿ ಓಡುತ್ತದೆ, ಬಣ್ಣವನ್ನು ಮುಟ್ಟುವುದಿಲ್ಲ. ಕೈ ಬಂಪರ್ ಕಡೆ ಒತ್ತಿಹೋದರೆ ದಾರ ಬಣ್ಣದ ಮೇಲೆ ಉಜ್ಜುತ್ತದೆ, ಆ ಉಜ್ಜುವಿಕೆಯ ಬಿಸಿಗೇ ಕೂದಲೆಳೆಯಷ್ಟು ತೆಳ್ಳನೆಯ, ಪಾಲಿಶ್‌ಗೂ ಹೋಗದ ಗೆರೆ ಬೀಳುತ್ತದೆ. ವೇಗ ಬೇಡ, ಉದ್ದನೆಯ ನಿಧಾನದ ಎಳೆತ ಸಾಕು. ಸರಿಯಾಗಿ ಕೊಯ್ಯುತ್ತಿದ್ದರೆ ದಾರ ಮೆಲ್ಲಗೆ ಜಾರಿಕೊಂಡು ಮುಂದೆ ಹೋಗುತ್ತಿರುವುದು ಕೈಗೆ ತಿಳಿಯುತ್ತದೆ. ಬಿಗಿಯಾಗಿ ನಿಂತರೆ ಟೇಪ್ ತಣ್ಣಗಾಗಿದೆ ಎಂದರ್ಥ. ದಾರ ಅಲ್ಲೇ ಬಿಟ್ಟು ಮುಂದಿನ ಕಾಲು ಭಾಗವನ್ನು ಮತ್ತೆ ಬಿಸಿ ಮಾಡಿ.

ಅಕ್ರಿಲಿಕ್ ಫೋಮ್‌ಗೆ ಇನ್ನೊಂದು ಗುಣವಿದೆ: ಕೊಯ್ದ ಎರಡು ಮುಖ ಮತ್ತೆ ತಾಗಿದರೆ ಮತ್ತೆ ಹಿಡಿದುಕೊಳ್ಳುತ್ತವೆ. ಕೊಯ್ದಷ್ಟೂ ಜಾಗಕ್ಕೆ ಒಂದಿಷ್ಟು ಎಣ್ಣೆ ಸವರಿದ ಪ್ಲಾಸ್ಟಿಕ್ ಕಾರ್ಡನ್ನು ಹಿಂದಿನಿಂದ ತೂರಿಸುತ್ತ ಬನ್ನಿ. ಆ ಕಾರ್ಡಿನಿಂದ ಮೀಟಬಾರದು, ಅದು ಅಡ್ಡಗೋಡೆ ಮಾತ್ರ.

ಕೊನೆಯ ಎರಡು ಬೆರಳಗಲ ಉಳಿದಾಗ ಎಲ್ಲರಿಗೂ ಆತುರ ಹುಟ್ಟುತ್ತದೆ. ಪ್ಲೇಟನ್ನು ಬಾಗಿಲಿನಂತೆ ತಿರುಗಿಸಿ ಕಿತ್ತುಬಿಡೋಣ ಎನಿಸುತ್ತದೆ. ಅಕ್ರಿಲಿಕ್ ಪ್ಲೇಟ್ ಒಡೆಯುವುದು, ಅಲ್ಯೂಮಿನಿಯಂ ಪ್ಲೇಟ್ ಮಡಿಕೆ ಬೀಳುವುದು, ಬಣ್ಣ ಏಳುವುದು ಬಹುಮಟ್ಟಿಗೆ ಈ ಕ್ಷಣದಲ್ಲೇ. ಅದೇ ಪ್ಲೇಟನ್ನು ಮತ್ತೆ ಹಾಕುವ ಇರಾದೆ ಇದ್ದರಂತೂ ಇನ್ನೊಬ್ಬರನ್ನು ಕರೆದು ಪ್ಲೇಟ್ ಹಿಡಿದುಕೊಳ್ಳಲು ಹೇಳಿ, ಕೊನೆಯ ಎಳೆಯವರೆಗೂ ದಾರದಿಂದಲೇ ಕೊಯ್ಯಿರಿ.

ಹಂತ 5: ಉಳಿದ ಅಂಟು

ಪ್ಲೇಟ್ ಬಂದ ಮೇಲೆ ಬಂಪರ್ ಮೇಲೆ ಫೋಮಿನ ಪಟ್ಟಿಗಳು ಉಳಿದಿರುತ್ತವೆ. ನೋಡಲು ಅಸಹ್ಯ, ಆದರೆ ಗಾಬರಿ ಬೇಡ. ದ್ರಾವಣವನ್ನು ತಕ್ಷಣ ಸುರಿಯಬೇಡಿ. ಮೊದಲು ಒಣಗಿದ್ದಾಗಲೇ ಆದಷ್ಟೂ ತೆಗೆಯಬೇಕು, ಯಾಕೆಂದರೆ ದ್ರಾವಣ ಬಿದ್ದ ಮೇಲೆ ಅಂಟು ಲೋಳೆಯಾಗಿ ಹರಡುತ್ತದೆ.

ಪಟ್ಟಿಯನ್ನು ಮತ್ತೆ ಬೆಚ್ಚಗೆ ಮಾಡಿ, ಒಂದು ತುದಿಯಿಂದ ಹೆಬ್ಬೆರಳ ಒಳಮೈಯಿಂದ ತಳ್ಳುತ್ತ ಹೋಗಿ. ಅಂಟು ಸುರುಳಿ ಸುತ್ತಿ ಉಂಡೆಯಾಗುತ್ತದೆ. ಆ ಉಂಡೆಯನ್ನೇ ಉಳಿದ ಅಂಟಿನ ಮೇಲೆ ಒತ್ತಿ ಒತ್ತಿ ಎತ್ತಿದರೆ ಉಳಿದದ್ದೂ ಅದಕ್ಕೇ ಹತ್ತಿಕೊಂಡು ಬರುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆದ ಹಾಗೆ. ಹೆಬ್ಬೆರಳು ನೋಯುತ್ತದೆ, ನಿಜ. ಆದರೂ ಬಣ್ಣಕ್ಕೆ ಇದಕ್ಕಿಂತ ನಿರಪಾಯದ ದಾರಿ ನನಗೆ ಕಂಡಿಲ್ಲ.

ಡ್ರಿಲ್‌ಗೆ ಸಿಕ್ಕಿಸುವ ರಬ್ಬರ್ ಚಕ್ರ ಸಿಗುತ್ತದೆ, ಅಂಟನ್ನು ಅಳಿಸುವ ರಬ್ಬರಿನಂತೆ ಉಜ್ಜಿ ತೆಗೆಯುವಂಥದ್ದು. ಕಾರ್ಖಾನೆಯ ಗಟ್ಟಿ ಬಣ್ಣಕ್ಕೆ ಅಡ್ಡಿಯಿಲ್ಲ. ಕಡಿಮೆ ವೇಗದಲ್ಲಿ, ಒಂದೇ ಕಡೆ ನಿಲ್ಲಿಸದೆ, ಹಗುರವಾಗಿ ಓಡಿಸಿ. ಒಂದೇ ಕಡೆ ನಿಂತರೆ ಬಣ್ಣ ಸುಡುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣ, ಮತ್ತೆ ಹೊಡೆಸಿದ ಬಣ್ಣ, ಕಾರಿಗೆ ಸುತ್ತಿಸಿದ ಫಿಲ್ಮ್, ಈ ಮೂರರ ಮೇಲೆ ಚಕ್ರ ಬೇಡ.

ಕೊನೆಗೆ ಉಳಿಯುವ ತೆಳು ಅಂಟಿಗೆ ಕ್ಲೀನರ್. ಮೊದಲು ಬಂಪರ್‌ನ ಕೆಳಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ ಒಂದು ಹನಿ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಥವಾ ಹೊಳಪು ಮಂಕಾದರೆ ಅದನ್ನು ಬಿಟ್ಟುಬಿಡಿ. ಸರಿಯಿದ್ದರೆ ಬಟ್ಟೆಗೆ ಹಾಕಿಕೊಂಡು ಅಂಟಿನ ಮೇಲೆ ಐದು ನಿಮಿಷ ಒತ್ತಿಟ್ಟು, ಆಮೇಲೆ ಒರೆಸಿ. ಕ್ಲೀನರ್ ಕೈಯಲ್ಲಿಲ್ಲದಿದ್ದರೆ ಅಡುಗೆ ಎಣ್ಣೆಯೂ ತೆಳು ಅಂಟನ್ನು ಸಡಿಲಿಸುತ್ತದೆ, ಆದರೆ ನಂತರ ಆ ಜಿಡ್ಡನ್ನು ಸೋಪು ನೀರಿನಿಂದ ಪೂರ್ತಿ ತೆಗೆಯಲೇಬೇಕು.

ಪೆಟ್ರೋಲ್, ಥಿನ್ನರ್, ಅಸಿಟೋನ್ ಬೇಡ. ಅಸಿಟೋನ್ ಎಂದರೆ ಉಗುರು ಬಣ್ಣ ಅಳಿಸುವ ದ್ರವದಲ್ಲಿ ಇರುವಂಥದ್ದು. ಇವು ಅಂಟನ್ನೂ ಕರಗಿಸುತ್ತವೆ, ಬಣ್ಣವನ್ನೂ ಬಿಡುವುದಿಲ್ಲ. ಅಸಿಟೋನ್ ಅಕ್ರಿಲಿಕ್ ಪ್ಲೇಟನ್ನೇ ಕರಗಿಸಿ ಮಬ್ಬಾಗಿಸುತ್ತದೆ. ಅಕ್ರಿಲಿಕ್ ಮೇಲೆ ಆಲ್ಕೋಹಾಲ್ ಕೂಡ ಜಾಸ್ತಿ ಹೊತ್ತು ನಿಂತರೆ ಸಣ್ಣ ಸಣ್ಣ ಬಿರುಕು ಮೂಡಬಹುದು, ಹಾಗಾಗಿ ಪ್ಲೇಟಿನ ಮುಖಕ್ಕೆ ಸೋಪು ನೀರು ಮಾತ್ರ.

ಟೇಪ್ ಬದಲು ಯಾರೋ ಸಿಲಿಕೋನ್ ಮೆತ್ತಿರುವುದೂ ಉಂಟು. ಬಾತ್‌ರೂಮಿನ ಸಂದು ಮುಚ್ಚುವ ಅದೇ ಸಿಲಿಕೋನ್. ದಾರ ಅದನ್ನೂ ಕೊಯ್ಯುತ್ತದೆ. ತೊಂದರೆ ಇರುವುದು ಶೇಷದಲ್ಲಿ: ಕಣ್ಣಿಗೆ ಕಾಣದ ಸಿಲಿಕೋನ್ ಪೊರೆಯ ಮೇಲೆ ಹೊಸ ಟೇಪ್ ಹಿಡಿಯುವುದಿಲ್ಲ. ಸಿಲಿಕೋನ್ ತೆಗೆಯಲೆಂದೇ ಇರುವ ದ್ರಾವಣವನ್ನು ಬಳಸಿ.

ಹಂತ 6: ಬರಿಯ ಜಾಗವನ್ನು ಸಿದ್ಧ ಮಾಡುವುದು

ಅಂಟಿಸಿದ್ದು ಬೀಳುವುದಕ್ಕೆ ಟೇಪನ್ನು ಬಯ್ಯುವವರೇ ಹೆಚ್ಚು. ಒಂದು ಲೆಕ್ಕ ನೋಡಿ. 520 × 111 ಮಿ.ಮೀ. ಅಳತೆಯ, 3 ಮಿ.ಮೀ. ದಪ್ಪದ ಅಕ್ರಿಲಿಕ್ ಪ್ಲೇಟ್ ಸುಮಾರು 200 ಗ್ರಾಂ ತೂಗುತ್ತದೆ. ವಿಎಚ್‌ಬಿ ಜಾತಿಯ ಟೇಪಿಗೆ ಒಂದು ಕಿಲೋ ಭಾರಕ್ಕೆ ಸುಮಾರು 57 ಚದರ ಸೆಂ.ಮೀ. ಬೇಕು ಎಂಬುದು ರೂಢಿಯ ಲೆಕ್ಕ. ಹಾಗಾದರೆ 200 ಗ್ರಾಂಗೆ 12 ಚದರ ಸೆಂ.ಮೀ. ಸಾಕು, ಅಂದರೆ ಎರಡು ಅಂಚೆಚೀಟಿಯಷ್ಟು. ಗಾಳಿ, ಅಲುಗಾಟ, ತೊಳೆಯುವ ನೀರಿನ ಹೊಡೆತ ಎಲ್ಲ ಸೇರಿಸಿ ಹತ್ತು ಪಟ್ಟು ಹಾಕಿಕೊಂಡರೂ 2.5 ಸೆಂ.ಮೀ. ಅಗಲದ ಅರ್ಧ ಮೀಟರ್ ಪಟ್ಟಿ ಸಾಕಾಗುತ್ತದೆ. ಬಿದ್ದ ಪ್ಲೇಟ್‌ಗಳಲ್ಲಿ ಅದಕ್ಕಿಂತ ಹೆಚ್ಚೇ ಟೇಪ್ ಇರುತ್ತದೆ. ಕೊರತೆ ಇದ್ದದ್ದು ಶುಚಿಯಲ್ಲಿ, ಒತ್ತಡದಲ್ಲಿ, ಸಮಯದಲ್ಲಿ.

ಶುಚಿಯಾಗಿದೆಯೇ ಎಂದು ತಿಳಿಯುವ ಪರೀಕ್ಷೆ ಸುಲಭ. ಜಾಗಕ್ಕೆ ಒಂದಿಷ್ಟು ನೀರು ಚಿಮುಕಿಸಿ. ನೀರು ಮಣಿಮಣಿಯಾಗಿ ನಿಂತರೆ ಅಲ್ಲಿ ಇನ್ನೂ ವ್ಯಾಕ್ಸ್, ಪಾಲಿಶ್ ಅಥವಾ ಎಣ್ಣೆ ಇದೆ. ಹಾಳೆಯಂತೆ ಹರಡಿ ಹರಿದುಹೋದರೆ ಸರಿ. ಮಣಿ ಕಟ್ಟುತ್ತಿದ್ದರೆ ಆಲ್ಕೋಹಾಲ್ ಮಿಶ್ರಣದ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಕೊಳ್ಳಿ. ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ. ಬಟ್ಟೆಯ ಮುಖ ಬದಲಿಸುತ್ತ ಎರಡು ಮೂರು ಸಲ ಮಾಡಿ. ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ರಕ್ಷಣೆಗೆ ಸವರುವ ಗಟ್ಟಿ ಪದರ, ಮಾಡಿಸಿದ ಬಂಪರ್ ಆದರೆ ಇಷ್ಟಕ್ಕೆ ಅದು ಹೋಗುವುದಿಲ್ಲ. ಟೇಪ್ ಕೂರುವಷ್ಟು ಜಾಗವನ್ನು ಮಾತ್ರ ಪಾಲಿಶಿಂಗ್ ಪೇಸ್ಟ್‌ನಿಂದ ಉಜ್ಜಿ, ಆಮೇಲೆ ಆಲ್ಕೋಹಾಲ್‌ನಿಂದ ಒರೆಸಬೇಕು.

ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್ ಬಂಪರ್ ಇದ್ದರೆ ಗಮನ ಕೊಡಿ. ಅದು ಹೆಚ್ಚಾಗಿ ಪಾಲಿಪ್ರೊಪಿಲೀನ್, ಯಾವ ಅಂಟಿಗೂ ಸುಲಭಕ್ಕೆ ಒಗ್ಗದ ಪ್ಲಾಸ್ಟಿಕ್. ಅದಕ್ಕೆ ಟೇಪಿನ ಪ್ರೈಮರ್, ಅಂದರೆ ಅಂಟು ಹಿಡಿಯುವಂತೆ ಮೇಲ್ಮೈಯನ್ನು ಬದಲಿಸುವ ತೆಳು ದ್ರವ, ಸವರಿ ಒಣಗಿಸಲೇಬೇಕು.

ಬಂಪರ್‌ಗೆ ಈಗತಾನೇ ಬಣ್ಣ ಹೊಡೆಸಿದ್ದರೆ ಅಂಟಿಸುವ ಮೊದಲು ಒಂದು ತಿಂಗಳು ತಡೆಯುವುದು ಒಳ್ಳೆಯದು. ಮೇಲೆ ಒಣಗಿದಂತೆ ಕಂಡರೂ ಒಳಗಿನಿಂದ ದ್ರಾವಕ ಇನ್ನೂ ಆರುತ್ತಿರುತ್ತದೆ. ಅಷ್ಟು ದಿನ ಕಾಯಲಾಗದಿದ್ದರೆ ಬಣ್ಣ ಹೊಡೆದವರನ್ನೇ ಕೇಳಿ ಮುಂದುವರಿಯಿರಿ. ತೆಗೆಯುವಾಗ ಎಲ್ಲಿಯಾದರೂ ಬಣ್ಣ ಎದ್ದಿದ್ದರೆ ಆ ಜಾಗದ ಮೇಲೆ ಟೇಪ್ ಬರದಂತೆ ನೋಡಿಕೊಳ್ಳಿ. ಟೇಪ್ ಹಿಡಿಯುವುದು ಬಣ್ಣವನ್ನು. ಬಣ್ಣವೇ ಬಂಪರನ್ನು ಬಿಟ್ಟಿದ್ದರೆ ಟೇಪ್ ಏನು ಮಾಡೀತು?

ಹಂತ 7: ಟೇಪ್ ಹಚ್ಚುವುದು

ಪ್ಲೇಟಿನ ಬೆನ್ನನ್ನೂ ಶುಚಿ ಮಾಡಿ, ಇಲ್ಲಿ ಆಲ್ಕೋಹಾಲ್ ಬಳಸಿದರೆ ಬೇಗ ಒರೆಸಿಬಿಡಿ. ಹೊರಗಡೆಯ ಬಳಕೆಗೆ ಎಂದು ಬರೆದಿರುವ ಅಕ್ರಿಲಿಕ್ ಫೋಮ್ ಟೇಪ್ ತೆಗೆದುಕೊಳ್ಳಿ. ಪಟ್ಟಿಗಳನ್ನು ನೆಟ್ಟಗೆ, ಅಂದರೆ ಮೇಲಿನಿಂದ ಕೆಳಕ್ಕೆ, ಐದಾರು ಕಡೆ ಹಚ್ಚುವುದು ನನಗೆ ಇಷ್ಟ. ಹಿಂದೆ ಸೇರಿದ ನೀರು ನಡುವೆ ನಿಲ್ಲದೆ ಇಳಿದುಹೋಗುತ್ತದೆ. ಎರಡು ತುದಿಯ ಪಟ್ಟಿಗಳು ಅಂಚಿನಿಂದ ಒಂದು ಸೆಂ.ಮೀ. ಒಳಗಿರಲಿ. ಮೂಲೆಗಳಿಗೆ ಆಧಾರ ಇಲ್ಲದಿದ್ದರೆ ಒತ್ತುವಾಗ ಅಕ್ರಿಲಿಕ್ ಮೂಲೆ ಮುರಿಯುತ್ತದೆ, ಓಡುವಾಗ ಗಾಳಿ ಅಲ್ಲಿಂದಲೇ ಎತ್ತುತ್ತದೆ.

ಟೇಪಿನ ಮೇಲೆ ಟೇಪ್ ಹಚ್ಚಿ ದಪ್ಪ ಮಾಡಬೇಡಿ, ಕೀಲುಗಳು ಹೆಚ್ಚಿದಷ್ಟೂ ಬಿಡುವ ಜಾಗಗಳೂ ಹೆಚ್ಚು. ದಪ್ಪ ಬೇಕಾದರೆ ದಪ್ಪದ ಟೇಪೇ ತನ್ನಿ. ಅಂಟಿನ ಮುಖವನ್ನು ಬೆರಳಿಂದ ಮುಟ್ಟಬೇಡಿ. ಸೂಪರ್ ಗ್ಲೂ ಬಗ್ಗೆ ಕೇಳುವವರಿಗೆ: ಅದು ಒಣಗಿದ ಮೇಲೆ ಗಾಜಿನಂತೆ ಬಿರುಸು. ಬಂಪರ್ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ, ಅಂಟು ಬಾಗದೆ ಸೀಳುತ್ತದೆ, ಉಳಿದ ಪದರ ಬಣ್ಣದಿಂದ ಬಿಡುವುದೂ ಇಲ್ಲ.

ಬಂಪರ್ ಬಾಗಿದ್ದು ಪ್ಲೇಟ್ ಚಪ್ಪಟೆಯಾಗಿದ್ದರೆ, ಅದನ್ನು ಬಗ್ಗಿಸಿ ಒತ್ತಿ ಅಂಟಿಸುವುದು ಎಂದರೆ ಬಿಗಿದ ಬಿಲ್ಲನ್ನು ಅಂಟಿಸಿದ ಹಾಗೆ. ಅದು ಹಗಲಿರುಳೂ ನೆಟ್ಟಗಾಗಲು ಒದ್ದಾಡುತ್ತಿರುತ್ತದೆ, ಒಂದು ದಿನ ತುದಿ ಬಿಡುತ್ತದೆ. ಅಲ್ಯೂಮಿನಿಯಂ ಆದರೆ ಮೊದಲೇ ಮೆಲ್ಲನೆ ಬಂಪರ್‌ನ ವಕ್ರಕ್ಕೆ ಹೊಂದಿಸಿಕೊಳ್ಳಿ. ಅಕ್ರಿಲಿಕ್ ಬಾಗದು. ಅದಕ್ಕೆ ಪ್ಲೇಟ್ ಹೋಲ್ಡರ್, ಅಂದರೆ ಹಿಂದಿನ ಚೌಕಟ್ಟು ಹಾಕಿಸುವುದೇ ಸರಿ.

ಹಂತ 8: ಕೂರಿಸುವುದು

ಬಂಪರ್ 21ರಿಂದ 38 ಡಿಗ್ರಿ ನಡುವೆ ಇದ್ದರೆ ಅಂಟಿಗೆ ಹೇಳಿ ಮಾಡಿಸಿದ ಹವೆ. 10 ಡಿಗ್ರಿಗಿಂತ ಕೆಳಗಿದ್ದರೆ ಅಂಟು ಮೇಲ್ಮೈಗೆ ಹರಡಿಕೊಳ್ಳುವುದೇ ಇಲ್ಲ, ತಾಗಿಕೊಂಡಂತೆ ಕಾಣುತ್ತದೆ ಅಷ್ಟೆ. ಚಳಿಯಿದ್ದರೆ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ. ಸುಡುಬಿಸಿಲಿನಲ್ಲಿ ಕಾದ ಬಂಪರ್ ಆದರೆ ನೆರಳಿಗೆ ತಂದು ತಣಿಯಲು ಬಿಡಿ.

ಮೊದಲು ರಕ್ಷಾ ಕಾಗದ ತೆಗೆಯದೆ ಪ್ಲೇಟನ್ನು ಜಾಗಕ್ಕೆ ಹಿಡಿದು, ಮಾಸ್ಕಿಂಗ್ ಟೇಪಿನ ಗೆರೆಗೆ ಹೊಂದಿಸಿ, ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿ. ಮಟ್ಟಗೋಲು ಇಲ್ಲಿ ನಂಬಿಕೆಗೆ ಅರ್ಹವಲ್ಲ, ನೆಲವೇ ಇಳಿಜಾರಾಗಿರಬಹುದು. ಬಂಪರ್‌ನ ಗೆರೆಯಿಂದ ಎರಡೂ ತುದಿಗೆ ಅಳೆದು ಸಮ ಮಾಡಿ.

ಈ ಟೇಪಿಗೆ ಎರಡನೇ ಅವಕಾಶ ಇಲ್ಲ. ತಾಗಿತು ಎಂದರೆ ಹಿಡಿಯಿತು. ಅದಕ್ಕೆ ಒಂದು ಉಪಾಯ ಮಾಡಿ: ಪ್ರತಿ ಪಟ್ಟಿಯ ರಕ್ಷಾ ಕಾಗದವನ್ನು ಮೇಲ್ತುದಿಯಲ್ಲಿ ಒಂದು ಸೆಂ.ಮೀ. ಮಾತ್ರ ಬಿಡಿಸಿ, ಆ ತುದಿಯನ್ನು ಓರೆಯಾಗಿ ಮಡಚಿ ಪ್ಲೇಟಿನ ಮೇಲಂಚಿನಿಂದ ಹೊರಗೆ ಇಣುಕುವಂತೆ ಬಿಡಿ. ಉಳಿದದ್ದೆಲ್ಲ ಮುಚ್ಚಿಯೇ ಇರಲಿ. ಪ್ಲೇಟನ್ನು ಗೆರೆಗೆ ಹೊಂದಿಸಿ ಹಗುರವಾಗಿ ತಾಗಿಸಿದಾಗ ಆ ಸಣ್ಣ ತುದಿಗಳು ಮಾತ್ರ ಹಿಡಿಯುತ್ತವೆ. ಸೊಟ್ಟ ಎನಿಸಿದರೆ ಮೆಲ್ಲಗೆ ಬಿಡಿಸಿ ಸರಿಪಡಿಸಬಹುದು. ಸರಿಯಿದೆ ಎಂದು ಖಾತ್ರಿಯಾದ ಮೇಲೆ ಇಣುಕುತ್ತಿರುವ ಬಾಲಗಳನ್ನು ನಡುವಿನಿಂದ ಶುರು ಮಾಡಿ ಒಂದೊಂದಾಗಿ ಎಳೆದು ತೆಗೆಯಿರಿ. ಸ್ಟಿಕರ್ ಅಂಟಿಸುವಾಗ ಮಾಡುವಂತೆ ಸೋಪು ನೀರು ಚಿಮುಕಿಸಿ ಜಾರಿಸುವ ಪದ್ಧತಿ ಈ ಟೇಪಿಗೆ ನಡೆಯುವುದಿಲ್ಲ.

ಈಗ ಒತ್ತಡ. ಪ್ಲೇಟ್ ಮೇಲೆ ಬಟ್ಟೆ ಹಾಕಿ, ಟೇಪ್ ಇರುವ ಕಡೆಗಳಲ್ಲೇ ಅಂಗೈಯ ಬುಡದಿಂದ ಒಂದೊಂದು ಕಡೆ 10–15 ಸೆಕೆಂಡ್ ಬಲವಾಗಿ ಒತ್ತಿ. ತಟ್ಟುವುದಲ್ಲ, ಒತ್ತುವುದು. ಕೆಳಗಿನ ಬಂಪರ್ ಒಳಕ್ಕೆ ಬಾಗುತ್ತಿದ್ದರೆ ಒಳಗಿನಿಂದ ಇನ್ನೊಂದು ಕೈ ಆಧಾರ ಕೊಡಿ. ಟೇಪ್ ಇಲ್ಲದ ಟೊಳ್ಳು ಜಾಗದಲ್ಲಿ ಒತ್ತಿದರೆ ಅಕ್ರಿಲಿಕ್ ಬಿರುಕು ಬಿಡುತ್ತದೆ.

ಹಂತ 9: ಮೂರು ದಿನ

20 ನಿಮಿಷಕ್ಕೆ ಅರ್ಧದಷ್ಟು ಹಿಡಿತ, ಒಂದು ದಿನಕ್ಕೆ ಶೇಕಡ 90, ಮೂರು ದಿನಕ್ಕೆ ಪೂರ್ತಿ. ಸಾಧಾರಣ ಹವೆಯಲ್ಲಿ ಅಕ್ರಿಲಿಕ್ ಫೋಮ್ ಟೇಪಿನ ಲೆಕ್ಕ ಇದು. ಚಳಿಯಲ್ಲಿ ಇನ್ನೂ ನಿಧಾನ. ಮೊದಲ ರಾತ್ರಿ ಕಾರು ನಿಂತೇ ಇರಲಿ. ಹಿಡಿದುಕೊಳ್ಳಲು ನಾಲ್ಕು ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಬಹುದು, ಆದರೆ ರಸ್ತೆಗೆ ಇಳಿಯುವ ಮುಂಚೆ ತೆಗೆಯಿರಿ, ಅಕ್ಷರಗಳು ಮುಚ್ಚಿರಬಾರದು. ಮೂರು ದಿನ ಕಾರು ತೊಳೆಸಬೇಡಿ. ಆಮೇಲೂ ಪ್ರೆಷರ್ ನೀರಿನ ಬಾಯನ್ನು ಪ್ಲೇಟಿನ ಸಂದಿಗೆ ನೇರವಾಗಿ ಹಿಡಿಯಬೇಡಿ, ಒಂದು ಮೊಳ ದೂರವಾದರೂ ಇರಲಿ.

ನಾಲ್ಕನೇ ದಿನ ನಾಲ್ಕು ಮೂಲೆಗಳನ್ನೂ ಬೆರಳಿನಿಂದ ಹೊರಕ್ಕೆ ಮೆಲ್ಲಗೆ ಎಳೆದು ನೋಡಿ. ಒಂದು ಮೂಲೆ ಅಲ್ಲಾಡಿದರೂ ಅದನ್ನು ಮತ್ತೆ ಒತ್ತಿ ಸುಮ್ಮನಾಗಬೇಡಿ. ಬಿಟ್ಟ ಕಡೆ ಧೂಳು ಹೊಕ್ಕಿರುತ್ತದೆ, ಅದು ಮತ್ತೆ ಹಿಡಿಯುವುದಿಲ್ಲ. ಆ ಪಟ್ಟಿಯನ್ನು ಮಾತ್ರ ದಾರದಿಂದ ಕೊಯ್ದು, ಶುಚಿ ಮಾಡಿ, ಹೊಸ ಪಟ್ಟಿ ಹಚ್ಚಿ.

ಹಳೆಯ ಪ್ಲೇಟನ್ನು ಇಡಿಯಾಗಿ ಕಸಕ್ಕೆ ಹಾಕಬೇಡಿ. ನಿಮ್ಮ ನಂಬರ್ ಇರುವ ಪ್ಲೇಟ್ ಇನ್ನೊಂದು ಕಾರಿನ ಮೇಲೆ ಓಡಾಡಿದರೆ ದಂಡದ ನೋಟಿಸ್ ಬರುವುದು ನಿಮ್ಮ ಮನೆಗೆ. ಹಳೆಯದನ್ನು ಒಪ್ಪಿಸಬೇಕೆಂಬ ನಿಯಮ ನಿಮ್ಮಲ್ಲಿ ಇದ್ದರೆ ಒಪ್ಪಿಸಿ. ಇಲ್ಲದಿದ್ದರೆ ಅಕ್ಷರಗಳ ನಡುವೆ ಅಡ್ಡಡ್ಡ ನಾಲ್ಕಾರು ತುಂಡು ಮಾಡಿ. ಅಕ್ರಿಲಿಕ್ ಆದರೆ ಮುರಿಯುವ ಮೊದಲು ಗೋಣಿಚೀಲದಲ್ಲಿ ಸುತ್ತಿಕೊಳ್ಳಿ, ಚೂರು ಕಣ್ಣಿಗೆ ಹಾರುತ್ತದೆ.